ಆಪರೇಷನ್ ಚೆನ್ನಾಗಾಯ್ತು, ಆಮೇಲೆ? ಚಿಕಿತ್ಸೆಯ ಫಲಿತಾಂಶ ಅಳೆಯುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ರೋಗಿಗಳಿಂದ ಪ್ರಶ್ನಾವಳಿ ತುಂಬಿಸುವುದು, ಆರು ತಿಂಗಳು ಬಿಟ್ಟು ಫೋನ್ ಮಾಡಿ "ಈಗ ಹೇಗಿದ್ದೀರಿ?" ಅಂತ ಕೇಳುವುದು, ಬಂದ ಉತ್ತರಗಳನ್ನು ಲೆಕ್ಕಕ್ಕೆ ತರುವುದು ನನ್ನ ಕೆಲಸ. ಹಾಳೆ ಕೈಗೆ ಕೊಟ್ಟ ಕೂಡಲೇ ಜನ ವಾಪಸ್ ನನ್ನನ್ನೇ ಪ್ರಶ್ನೆ ಕೇಳಲು ಶುರು ಮಾಡುತ್ತಾರೆ. ಮತ್ತೆ ಮತ್ತೆ ಬರುವ ಪ್ರಶ್ನೆಗಳು ಇಲ್ಲಿವೆ.

ಫಲಿತಾಂಶ ಸಂಶೋಧನೆ ಅಂದರೆ ಏನು?

ಚಿಕಿತ್ಸೆ ಪಡೆದವರು ಆಮೇಲೆ ಏನಾದರು ಅಂತ ಲೆಕ್ಕ ಇಟ್ಟು ನೋಡುವುದು. ಎಷ್ಟು ಜನ ಬದುಕಿದರು, ಎಷ್ಟು ಜನ ತಿಂಗಳೊಳಗೆ ಮತ್ತೆ ಅಡ್ಮಿಟ್ ಆದರು, ನೋವು ಇಳಿಯಿತಾ, ಕೆಲಸಕ್ಕೆ ಹೋಗಲು ಆಯಿತಾ, ರಾತ್ರಿ ನಿದ್ದೆ ಬರುತ್ತಿದೆಯಾ ಎಂಬುದೆಲ್ಲ ಫಲಿತಾಂಶವೇ. ಕೆಲವು ಆಸ್ಪತ್ರೆಯ ದಾಖಲೆಯಲ್ಲೇ ಸಿಗುತ್ತವೆ. ನಿದ್ದೆ, ನೋವಿನಂಥವು ಯಾವ ಯಂತ್ರದಲ್ಲೂ ಕಾಣಿಸುವುದಿಲ್ಲ. ರೋಗಿಯೇ ಬಾಯಿಬಿಟ್ಟು ಹೇಳಬೇಕು.

ಔಷಧಿಗಳನ್ನು ಟ್ರಯಲ್ ಮಾಡಿಯೇ ಬಿಡುತ್ತಾರಲ್ಲ, ಮತ್ತೆ ಇದೇಕೆ?

ಟ್ರಯಲ್‌ಗೆ ಸೇರಿಸಿಕೊಳ್ಳುವಾಗ ಜರಡಿ ಹಿಡಿಯುತ್ತಾರೆ. ವಯಸ್ಸು ಇಷ್ಟರೊಳಗೆ ಇರಬೇಕು, ಬೇರೆ ದೊಡ್ಡ ಕಾಯಿಲೆ ಇರಬಾರದು, ಹೇಳಿದ ದಿನ ಬರಬೇಕು. ನಿಜವಾದ ವಾರ್ಡಿನಲ್ಲಿ ಇರುವವರು ಹಾಗಿರುವುದಿಲ್ಲ. ಒಬ್ಬರಿಗೇ ಶುಗರ್, ಬಿಪಿ, ಮಂಡಿ ನೋವು ಮೂರೂ ಇರುತ್ತವೆ, ಮಾತ್ರೆ ಮರೆಯುವುದೂ ಇರುತ್ತದೆ. ಔಷಧಿ ಕೆಲಸ ಮಾಡಬಲ್ಲದಾ ಅಂತ ಟ್ರಯಲ್ ಹೇಳುತ್ತದೆ. ಇಂಥವರಲ್ಲಿ ಕೆಲಸ ಮಾಡುತ್ತಿದೆಯಾ ಅಂತ ನಾವು ನೋಡುತ್ತೇವೆ.

ನಮ್ಮದರಲ್ಲೂ ಒಂದು ದೊಡ್ಡ ತೊಂದರೆ ಇದೆ. ಟ್ರಯಲ್‌ನಲ್ಲಿ ಯಾರಿಗೆ ಯಾವ ಚಿಕಿತ್ಸೆ ಅಂತ ಚೀಟಿ ಎತ್ತಿದ ಹಾಗೆ ಹಂಚುತ್ತಾರೆ. ಇಲ್ಲಿ ಡಾಕ್ಟರು ರೋಗಿಯನ್ನು ನೋಡಿ ತೀರ್ಮಾನಿಸಿರುತ್ತಾರೆ. ಅದರಿಂದ ಲೆಕ್ಕ ಎಷ್ಟು ಅಡ್ಡದಾರಿ ಹಿಡಿಯುತ್ತದೆ ಅನ್ನುವುದನ್ನು ಕೆಳಗೆ ಕಿಡ್ನಿ ಕಲ್ಲಿನ ಕಥೆಯಲ್ಲಿ ನೋಡಿ.

ಇದನ್ನು ಶುರು ಮಾಡಿದ್ದು ಯಾರು?

ಫ್ಲಾರೆನ್ಸ್ ನೈಟಿಂಗೇಲ್ ಹೆಸರು ಎಲ್ಲರಿಗೂ ಗೊತ್ತು, ಆದರೆ ದೀಪ ಹಿಡಿದು ವಾರ್ಡ್ ಸುತ್ತಿದ ನರ್ಸ್ ಅಂತ. ಆಕೆ ಲೆಕ್ಕದಲ್ಲೂ ಗಟ್ಟಿಗಿತ್ತಿ. ಕ್ರಿಮಿಯಾ ಯುದ್ಧದಲ್ಲಿ ಸೈನಿಕರು ಗುಂಡೇಟಿಗಿಂತ ಕಾಯಿಲೆಯಿಂದಲೇ ಜಾಸ್ತಿ ಸತ್ತರು ಅನ್ನುವುದನ್ನು ಅಂಕಿಅಂಶ ಜೋಡಿಸಿ, ಬಣ್ಣದ ಚಿತ್ರ ಬರೆದು 1858ರಲ್ಲಿ ತೋರಿಸಿದರು.

ನನಗೆ ಜಾಸ್ತಿ ಇಷ್ಟವಾಗುವವರು ಬೋಸ್ಟನ್ನಿನ ಸರ್ಜನ್ ಅರ್ನೆಸ್ಟ್ ಕಾಡ್‌ಮನ್. ಪ್ರತಿ ರೋಗಿಗೂ ಒಂದು ಕಾರ್ಡ್ ಮಾಡಿ, ಒಂದು ವರ್ಷ ಕಳೆದ ಮೇಲೆ ಹೇಗಿದ್ದಾರೆ ಅಂತ ಅದರಲ್ಲಿ ಬರೆಯಬೇಕು, ಚೆನ್ನಾಗಿಲ್ಲದಿದ್ದರೆ ಯಾಕೆ ಅಂತಲೂ ಬರೆಯಬೇಕು ಅನ್ನುವುದು ಅವರ ಹಟ. ಅವರು ಕೆಲಸ ಮಾಡುತ್ತಿದ್ದ ದೊಡ್ಡ ಆಸ್ಪತ್ರೆ ಇದಕ್ಕೆ ಒಪ್ಪಲಿಲ್ಲ. 1914ರಲ್ಲಿ ಅಲ್ಲಿಗೆ ರಾಜೀನಾಮೆ ಕೊಟ್ಟರು. ಅಷ್ಟರಲ್ಲೇ ತಮ್ಮದೇ ಒಂದು ಪುಟ್ಟ ಆಸ್ಪತ್ರೆ ನಡೆಸುತ್ತಿದ್ದರು. 1911ರಿಂದ 1916ರವರೆಗೆ ಅಲ್ಲಿಂದ ಮನೆಗೆ ಹೋದ 337 ರೋಗಿಗಳ ಲೆಕ್ಕದಲ್ಲಿ 123 ತಪ್ಪುಗಳನ್ನು ತಾವೇ ಪಟ್ಟಿ ಮಾಡಿ ಅಚ್ಚು ಹಾಕಿಸಿದರು. ತಮ್ಮ ತಪ್ಪೂ ಸೇರಿಸಿ! 1915ರ ಒಂದು ವೈದ್ಯರ ಸಭೆಯಲ್ಲಿ ಅವರು ವ್ಯಂಗ್ಯಚಿತ್ರವೊಂದನ್ನು ತೋರಿಸಿದರು. ಮರಳಲ್ಲಿ ತಲೆ ಹುದುಗಿಸಿಕೊಂಡ ಉಷ್ಟ್ರಪಕ್ಷಿ ಹಿಂಗಾಲಲ್ಲಿ ಡಾಕ್ಟರುಗಳ ಕಡೆಗೆ ಚಿನ್ನದ ಮೊಟ್ಟೆ ಒದೆಯುತ್ತಿದೆ. ಚಿಕಿತ್ಸೆ ಫಲಿಸಿತಾ ಅಂತ ನೋಡದೆ ದುಡ್ಡು ಸುರಿಯುವ ಊರಿನ ಶ್ರೀಮಂತರೇ ಆ ಪಕ್ಷಿ. ಊರಿನ ಡಾಕ್ಟರುಗಳೆಲ್ಲ ಕೆಂಡವಾದರು. 1940ರಲ್ಲಿ ತೀರಿಕೊಂಡಾಗ ಅವರ ಸಮಾಧಿಗೆ ಒಂದು ಕಲ್ಲೂ ಇರಲಿಲ್ಲ. ಕಲ್ಲು ನಿಂತದ್ದು 2014ರಲ್ಲಿ.

ಒಳ್ಳೆಯ ಕಟ್ಟಡ, ಹೊಸ ಮಷೀನು, ಹೆಸರುವಾಸಿ ಡಾಕ್ಟರು ಇದ್ದರೆ ಗುಣಮಟ್ಟ ಇದೆ ಅಂತಲೇ ಅಲ್ವಾ?

ಅರ್ಧ ಉತ್ತರ ಅದು. 1966ರಲ್ಲಿ ಅವೆಡಿಸ್ ಡೊನಬೇಡಿಯನ್ ಎಂಬ ವೈದ್ಯರು ಇದನ್ನು ಮೂರು ಭಾಗ ಮಾಡಿದರು. ಏನೇನು ಇದೆ ಎಂಬುದು ಒಂದು: ಹಾಸಿಗೆ, ಯಂತ್ರ, ಸಿಬ್ಬಂದಿ. ಏನೇನು ಮಾಡಿದರು ಎಂಬುದು ಇನ್ನೊಂದು: ಸರಿಯಾದ ಹೊತ್ತಿಗೆ ಸರಿಯಾದ ಔಷಧಿ ಕೊಟ್ಟರಾ, ಕೈ ತೊಳೆದರಾ. ಕೊನೆಗೆ ಏನಾಯಿತು ಎಂಬುದು ಮೂರನೆಯದು. ಈಗಲೂ ಎಲ್ಲರೂ ಇದೇ ಮೂರು ಭಾಗ ಇಟ್ಟುಕೊಂಡೇ ಮಾತಾಡುವುದು.

ಮೂರನೆಯದೊಂದನ್ನೇ ಹಿಡಿದರೂ ಕೆಲಸ ಕೆಡುತ್ತದೆ. ಫಲಿತಾಂಶ ಕೆಟ್ಟಿದೆ ಅಂತ ಗೊತ್ತಾಗುತ್ತದೆ, ಎಲ್ಲಿ ಕೆಟ್ಟಿತು ಅಂತ ಗೊತ್ತಾಗುವುದಿಲ್ಲ. ಮಾಡಿದ ಕೆಲಸವನ್ನೂ ಅಳೆದಿದ್ದರೆ ಮಾತ್ರ ತಪ್ಪಿನ ಬುಡ ಸಿಗುತ್ತದೆ.

ರಿಪೋರ್ಟ್ ನಾರ್ಮಲ್ ಬಂದರೆ ಸಾಕಲ್ಲ?

ಇದಕ್ಕೆ ವೈದ್ಯಲೋಕ ಒಮ್ಮೆ ತುಂಬ ದುಬಾರಿ ಪಾಠ ಕಲಿತಿದೆ. ಹಾರ್ಟ್ ಅಟ್ಯಾಕ್ ಆಗಿ ಉಳಿದುಕೊಂಡವರಲ್ಲಿ ಹೃದಯದ ಬಡಿತ ಆಗಾಗ ತಪ್ಪಿದರೆ ಸಾವಿನ ಅಪಾಯ ಜಾಸ್ತಿ ಅಂತ ಗೊತ್ತಿತ್ತು. ಆ ತಪ್ಪು ಬಡಿತ ನಿಲ್ಲಿಸುವ ಮಾತ್ರೆಗಳೂ ಇದ್ದವು. ಕೊಟ್ಟರೆ ಇಸಿಜಿ ಚೆನ್ನಾಗಿ ಬರುತ್ತಿತ್ತು. ಜನ ಉಳಿಯುತ್ತಾರೆ ಅಂತಲೇ ಎಲ್ಲರೂ ಅಂದುಕೊಂಡರು. ಕೊನೆಗೆ ಒಂದು ದೊಡ್ಡ ಟ್ರಯಲ್‌ನಲ್ಲಿ ಸಾವುಗಳನ್ನೇ ಎಣಿಸಿದರು. ಎನ್‌ಕೈನೈಡ್ ಅಥವಾ ಫ್ಲೆಕೈನೈಡ್ ಮಾತ್ರೆ ತೆಗೆದುಕೊಂಡ 755 ಜನರಲ್ಲಿ 63 ಮಂದಿ ಸತ್ತಿದ್ದರು. ಔಷಧಿ ಇಲ್ಲದ ಬರೀ ಮಾತ್ರೆ ತೆಗೆದುಕೊಂಡ 743 ಜನರಲ್ಲಿ 26 ಮಂದಿ. ಇಸಿಜಿ ಚೆನ್ನಾಗಿತ್ತು, ಜನ ಸಾಯುತ್ತಿದ್ದರು. 1989ರಲ್ಲಿ ಆ ಎರಡು ಮಾತ್ರೆ ಕೊಡುವುದನ್ನು ಅರ್ಧಕ್ಕೇ ನಿಲ್ಲಿಸಿಬಿಟ್ಟರು.

ರಿಪೋರ್ಟ್ ಬೇಡ ಅಂತ ನಾನು ಹೇಳುತ್ತಿಲ್ಲ. ಶುಗರ್, ಬಿಪಿ ನೋಡಲೇಬೇಕು. ಅದು ದಾರಿಯಲ್ಲಿ ಸಿಗುವ ಮೈಲಿಗಲ್ಲು, ಊರು ಅಲ್ಲ.

ಜೀವನದ ಗುಣಮಟ್ಟವನ್ನು ಅಳೆಯಲು ಆಗುತ್ತಾ? ಥರ್ಮಾಮೀಟರ್ ಇದೆಯಾ?

ಪ್ರಶ್ನಾವಳಿಯೇ ಥರ್ಮಾಮೀಟರ್. ಅತಿ ಚಿಕ್ಕದರಿಂದ ಶುರು ಮಾಡೋಣ. ಇಕ್ಯೂ-5ಡಿ ಅಂತ ಒಂದಿದೆ. ಅದರಲ್ಲಿ ಐದೇ ವಿಷಯ: ಓಡಾಟ, ಸ್ನಾನ-ಬಟ್ಟೆಯಂಥ ಸ್ವಂತದ ಕೆಲಸ, ದಿನನಿತ್ಯದ ಕೆಲಸ, ನೋವು, ಆತಂಕ ಅಥವಾ ಬೇಸರ. ಪ್ರತಿಯೊಂದಕ್ಕೂ "ತೊಂದರೆ ಇಲ್ಲ" ಎಂಬುದರಿಂದ "ಆಗುವುದೇ ಇಲ್ಲ" ಅಥವಾ "ವಿಪರೀತ" ಎಂಬಲ್ಲಿಯವರೆಗೆ ಐದು ಹಂತ. ಇವತ್ತು ಹೇಗಿದೆ ಅಂತ ಮಾತ್ರ ಕೇಳುತ್ತಾರೆ.

ಉತ್ತರ ಐದು ಅಂಕಿಯ ಒಂದು ಸಂಖ್ಯೆಯಾಗುತ್ತದೆ. 11111 ಅಂದರೆ ಎಲ್ಲ ಚೆನ್ನಾಗಿದೆ. 55555 ಅಂದರೆ ಅದಕ್ಕಿಂತ ಕೆಟ್ಟದ್ದಿಲ್ಲ. 31342 ಅಂತ ಬಂದರೆ ಓಡಾಟ ಕಷ್ಟ, ಸ್ನಾನ ತಾನೇ ಮಾಡಬಲ್ಲರು, ಕೆಲಸ ಅರ್ಧಂಬರ್ಧ, ನೋವು ಜೋರು, ಮನಸ್ಸು ಸ್ವಲ್ಪ ಭಾರ. ಹೀಗೆ 3,125 ಬಗೆಯ ಸ್ಥಿತಿಗಳು ಸಾಧ್ಯ. ಜೊತೆಗೆ 0ಯಿಂದ 100ರವರೆಗಿನ ಒಂದು ಉದ್ದ ಗೆರೆ ಇರುತ್ತದೆ. ಇವತ್ತಿನ ಆರೋಗ್ಯ ಎಲ್ಲಿದೆ ಅಂತ ಅದರ ಮೇಲೆ ಗುರುತು ಹಾಕಬೇಕು. ಕೆಲಸ ಹಳತಾದ ಮೇಲೆ ಈ ಐದಂಕಿ ನೋಡಿದರೆ ಮನುಷ್ಯ ಕಣ್ಣ ಮುಂದೆ ನಿಲ್ಲುತ್ತಾನೆ.

ಎಸ್‌ಎಫ್-36 ಇದಕ್ಕಿಂತ ಉದ್ದ. 36 ಪ್ರಶ್ನೆ, ಎಂಟು ವಿಭಾಗ. ವಿಶ್ವ ಆರೋಗ್ಯ ಸಂಸ್ಥೆಯದೂ 26 ಪ್ರಶ್ನೆಗಳ ಒಂದು ಪ್ರಶ್ನಾವಳಿ ಇದೆ. ಅದು ಸ್ನೇಹಿತರ ಬೆಂಬಲ, ಕೈಯಲ್ಲಿರುವ ದುಡ್ಡು, ಮನೆ, ಓಡಾಟದ ಸೌಕರ್ಯ ಎಲ್ಲವನ್ನೂ ಕೇಳುತ್ತದೆ. ಇವು ಯಾವ ಕಾಯಿಲೆಗಾದರೂ ಆದೀತು. ಒಂದೊಂದು ಕಾಯಿಲೆಗೇ ಅಂತ ಮಾಡಿದವೂ ಇವೆ. ಮಂಡಿಗೆ ಆಕ್ಸ್‌ಫರ್ಡ್ ಸ್ಕೋರ್ ಅಂತ 12 ಪ್ರಶ್ನೆಗಳದ್ದು ಇದೆ. ಮಂಡಿಯೂರಿ ಕೂತು ಏಳಲು ಆಗುತ್ತದಾ, ಮೆಟ್ಟಿಲು ಇಳಿಯಲು ಆಗುತ್ತದಾ, ರಾತ್ರಿ ಹಾಸಿಗೆಯಲ್ಲಿ ನೋವು ಕಾಡುತ್ತದಾ ಅಂತ ಕೇಳುತ್ತದೆ. ಮಂಡಿ ಆಪರೇಷನ್ ಮಾಡಿಸಿಕೊಂಡವರಿಗೆ ನಿಜಕ್ಕೂ ಬೇಕಾದ ಪ್ರಶ್ನೆಗಳು ಇವೇ.

ರೋಗಿ ಹೇಳಿದ್ದನ್ನು ನಂಬೋದು ಹೇಗೆ? ಇವತ್ತೊಂದು ನಾಳೆ ಒಂದು ಹೇಳುತ್ತಾರೆ.

ಒಳ್ಳೆಯ ಪ್ರಶ್ನಾವಳಿಯನ್ನು ಬಳಕೆಗೆ ಬಿಡುವ ಮುಂಚೆ ಇದನ್ನೇ ಪರೀಕ್ಷೆ ಮಾಡುತ್ತಾರೆ. ಆರೋಗ್ಯ ಬದಲಾಗದವರಿಗೆ ಎರಡು ವಾರ ಬಿಟ್ಟು ಮತ್ತೆ ಕೊಟ್ಟರೆ ಹೆಚ್ಚುಕಡಿಮೆ ಅದೇ ಸ್ಕೋರ್ ಬರಬೇಕು. ಕಾಯಿಲೆ ಜೋರಾಗಿರುವವರಿಗೂ ಹಗುರಾಗಿರುವವರಿಗೂ ಬೇರೆ ಬೇರೆ ಸ್ಕೋರ್ ಬರಬೇಕು. ಚಿಕಿತ್ಸೆಯಿಂದ ಸುಧಾರಿಸಿದರೆ ಸ್ಕೋರೂ ಏರಬೇಕು. ಇದರಲ್ಲಿ ಪಾಸಾಗದ ಪ್ರಶ್ನೆಯನ್ನು ಕಿತ್ತುಹಾಕುತ್ತಾರೆ.

ಆದರೂ ಉತ್ತರ ಕೈಕೊಡುವುದಿದೆ. ಒಬ್ಬ ಹಿರಿಯರನ್ನು ಕೇಳಿದ್ದೆ, "ಮೆಟ್ಟಿಲು ಹತ್ತೋಕೆ ತೊಂದರೆ ಇದೆಯಾ ಯಜಮಾನರೇ?" "ಇಲ್ಲಪ್ಪ, ಏನೂ ಇಲ್ಲ." ಖುಷಿಯಿಂದ ಟಿಕ್ ಹಾಕಿದೆ. ಹೊರಡುವಾಗ ಅವರ ಮಗಳು ಹೇಳಿದರು, "ಅಪ್ಪ ಮೆಟ್ಟಿಲು ಹತ್ತಿ ಎರಡು ವರ್ಷ ಆಯ್ತು. ಹಾಸಿಗೆ ಕೆಳಗಡೆ ರೂಮಿಗೆ ಹಾಕಿದ್ದೀವಿ." ಅವರು ಸುಳ್ಳು ಹೇಳಿರಲಿಲ್ಲ. ಹತ್ತದವರಿಗೆ ತೊಂದರೆ ಎಲ್ಲಿಂದ ಬರಬೇಕು? ಅವತ್ತಿನಿಂದ ನಾನು ಮೊದಲು ಕೇಳುವುದು "ಮೆಟ್ಟಿಲು ಹತ್ತುತ್ತೀರಾ?" ಅಂತ.

ಇನ್ನೊಂದು ವಿಚಿತ್ರವೂ ಇದೆ. ದೊಡ್ಡ ಕಾಯಿಲೆ, ಅಂಗವೈಕಲ್ಯ ಇರುವವರು ನಮ್ಮ ಬದುಕು ಚೆನ್ನಾಗಿದೆ ಅಂತ ಹೇಳುವುದು ಅಪರೂಪವಲ್ಲ. ಹೊರಗಿನಿಂದ ನೋಡುವವರಿಗೆ ನಂಬಿಕೆ ಬರುವುದಿಲ್ಲ. ಮನುಷ್ಯ ಹೊಂದಿಕೊಳ್ಳುತ್ತಾನೆ, ಅವನ ಅಳತೆಗೋಲೇ ಬದಲಾಗುತ್ತದೆ. ಹಾಗಾದರೆ ಸ್ಕೋರ್ ಏರಿದ್ದು ಔಷಧಿಯಿಂದಲೋ, ಹೊಂದಿಕೊಂಡಿದ್ದರಿಂದಲೋ? ಈ ಕ್ಷೇತ್ರದಲ್ಲಿ ಇನ್ನೂ ಜಗಳ ಮುಗಿಯದ ಪ್ರಶ್ನೆ ಇದು. ನನ್ನ ಮಟ್ಟಿಗೆ ಹೇಳುವುದಾದರೆ, ಬೇರೆಯವರು ಅಂದಾಜು ಹಾಕುವುದಕ್ಕಿಂತ ಅವರ ಮಾತೇ ಮೇಲು. ಡಾಕ್ಟರು ಬರೆದುಕೊಳ್ಳುವ ನೋವು ರೋಗಿ ಹೇಳುವ ನೋವಿಗಿಂತ ಸಾಮಾನ್ಯವಾಗಿ ಕಡಿಮೆಯೇ ಇರುತ್ತದೆ.

ಇಂಗ್ಲಿಷಿನ ಪ್ರಶ್ನಾವಳಿಯನ್ನು ಸುಮ್ನೆ ಕನ್ನಡಕ್ಕೆ ತಿರುಗಿಸಿದರೆ ಆಗಲ್ವಾ?

ಆಗಲ್ಲ. ಎಸ್‌ಎಫ್-36ರಲ್ಲಿ ಮನಸ್ಸು ಕುಗ್ಗಿರುವುದನ್ನು ಕೇಳುವ ಪ್ರಶ್ನೆಯಲ್ಲಿ "ಬ್ಲೂ" ಅನ್ನುವ ಪದ ಇದೆ. ಪದಕ್ಕೆ ಪದ ಇಟ್ಟರೆ "ನಿಮಗೆ ನೀಲಿ ಅನಿಸಿತೇ?" ಅಂತಾಗುತ್ತದೆ. ಅದೇ ಪ್ರಶ್ನಾವಳಿ ಸಾಧಾರಣ ಶ್ರಮದ ಕೆಲಸಕ್ಕೆ ಗಾಲ್ಫ್ ಆಡುವುದನ್ನು ಉದಾಹರಣೆ ಕೊಡುತ್ತದೆ. ಗಾಲ್ಫ್ ಕೋಲನ್ನೇ ಹಿಡಿಯದವರು ಏನಂತ ಉತ್ತರ ಕೊಡಬೇಕು?

ಕನ್ನಡದ ಒಳಗೂ ತೊಡಕು ಇದೆ. "ಸಂಕಟ" ಅಂದರೆ ಒಬ್ಬರಿಗೆ ಮನಸ್ಸಿನ ನೋವು, ಇನ್ನೊಬ್ಬರಿಗೆ ಹೊಟ್ಟೆ ತೊಳಸುವುದು. "ಸುಸ್ತು" ಅಂದರೆ ಕೆಲಸ ಮಾಡಿ ಆದ ದಣಿವೋ, ಎದ್ದ ಕೂಡಲೇ ಇರುವ ನಿಶ್ಶಕ್ತಿಯೋ? ಅದಕ್ಕೇ ಇಬ್ಬರು ಬೇರೆ ಬೇರೆಯಾಗಿ ಅನುವಾದ ಮಾಡುತ್ತಾರೆ, ಎರಡನ್ನೂ ಕೂಡಿಸಿ ಒಂದು ಮಾಡುತ್ತಾರೆ, ಮೂಲ ನೋಡದ ಮೂರನೆಯವರು ಅದನ್ನು ವಾಪಸ್ ಇಂಗ್ಲಿಷಿಗೆ ತರುತ್ತಾರೆ. ಆಮೇಲೆ ರೋಗಿಗಳನ್ನು ಕೂರಿಸಿಕೊಂಡು "ಈ ಪ್ರಶ್ನೆ ಕೇಳಿದಾಗ ನಿಮಗೆ ಏನು ಅರ್ಥ ಆಯ್ತು?" ಅಂತ ಕೇಳುತ್ತಾರೆ. ಬಣ್ಣ ಬಯಲಾಗುವುದು ಈ ಕೊನೆಯ ಹಂತದಲ್ಲೇ.

ಸ್ಕೋರ್ ಎರಡು ಅಂಕ ಏರಿದೆ ಅಂದರೆ ವಾಸಿಯಾಯ್ತು ಅಂತಲಾ?

ಸಾವಿರಾರು ಜನರನ್ನು ಸೇರಿಸಿದರೆ ಎಷ್ಟು ಸಣ್ಣ ವ್ಯತ್ಯಾಸವೂ ಲೆಕ್ಕಶಾಸ್ತ್ರದಲ್ಲಿ "ನಿಜ" ಅಂತ ಬಂದುಬಿಡುತ್ತದೆ. ಆ ವ್ಯತ್ಯಾಸ ರೋಗಿಗೆ ಗೊತ್ತಾಗಬೇಕಲ್ಲ? ಅದಕ್ಕೆ ಪ್ರತಿ ಪ್ರಶ್ನಾವಳಿಗೂ "ಇಷ್ಟು ಏರಿದರೆ ಮಾತ್ರ ಮನುಷ್ಯನಿಗೆ ವ್ಯತ್ಯಾಸ ಅನಿಸುತ್ತದೆ" ಎಂಬ ಒಂದು ಗೆರೆ ಹುಡುಕುತ್ತಾರೆ. ಆಕ್ಸ್‌ಫರ್ಡ್ ಮಂಡಿ ಸ್ಕೋರ್ 0ಯಿಂದ 48ರವರೆಗೆ ಇರುತ್ತದೆ, ಅದರಲ್ಲಿ ಈ ಗೆರೆ ಸುಮಾರು 5 ಅಂಕ. ಎರಡು ಅಂಕ ಏರಿತು ಅಂತ ಯಾರಾದರೂ ಜಾಹೀರಾತು ಹಾಕಿದರೆ ನಕ್ಕು ಮುಂದೆ ಹೋಗಿ.

ಸಾವಿನ ಪ್ರಮಾಣ ಜಾಸ್ತಿ ಇರುವ ಆಸ್ಪತ್ರೆ ಕೆಟ್ಟದ್ದು ಅಂತ ತಿಳಿಯಬಹುದಾ?

ಕೂಡಲೇ ತೀರ್ಮಾನಕ್ಕೆ ಬರಬೇಡಿ. ತೀರಾ ಕಷ್ಟದ ಕೇಸುಗಳನ್ನೆಲ್ಲ ಅಲ್ಲಿಗೇ ಕಳಿಸುತ್ತಿರಬಹುದು. ಇಲ್ಲಿ ಕಿಡ್ನಿ ಕಲ್ಲಿನ ಕಥೆ ಹೇಳಬೇಕು. 1986ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಲೆಕ್ಕ ಇದು. ಹೊಟ್ಟೆ ಕೊಯ್ದು ಕಲ್ಲು ತೆಗೆಯುವ ಹಳೆ ಆಪರೇಷನ್ 350 ಜನರಲ್ಲಿ 273 ಮಂದಿಗೆ ಸಫಲವಾಗಿತ್ತು, ಅಂದರೆ 78%. ಸಣ್ಣ ತೂತು ಮಾಡಿ ತೆಗೆಯುವ ಹೊಸ ವಿಧಾನ 350ರಲ್ಲಿ 289 ಮಂದಿಗೆ, ಅಂದರೆ 83%. ಹೊಸದೇ ಮೇಲು ಅಂತ ಕಾಣುತ್ತದೆ, ಅಲ್ವಾ?

ಈಗ ಕಲ್ಲಿನ ಗಾತ್ರ ನೋಡಿ ಬೇರೆ ಮಾಡೋಣ. ಸಣ್ಣ ಕಲ್ಲಿನಲ್ಲಿ ಹಳೆ ವಿಧಾನ 87ಕ್ಕೆ 81, ಅಂದರೆ 93%. ಹೊಸದು 270ಕ್ಕೆ 234, ಅಂದರೆ 87%. ದೊಡ್ಡ ಕಲ್ಲಿನಲ್ಲಿ ಹಳೆಯದು 263ಕ್ಕೆ 192, ಅಂದರೆ 73%. ಹೊಸದು 80ಕ್ಕೆ 55, ಅಂದರೆ 69%. ಎರಡರಲ್ಲೂ ಹಳೆಯದೇ ಮುಂದೆ! ಒಟ್ಟು ಕೂಡಿದಾಗ ಮಾತ್ರ ಹಿಂದೆ. ಡಾಕ್ಟರುಗಳು ಸುಲಭದ ಸಣ್ಣ ಕಲ್ಲುಗಳನ್ನು ಹೊಸ ವಿಧಾನಕ್ಕೆ, ಕಷ್ಟದ ದೊಡ್ಡ ಕಲ್ಲುಗಳನ್ನು ಕೊಯ್ಯುವ ವಿಧಾನಕ್ಕೆ ಕಳಿಸಿದ್ದರು. ಮೊದಲ ಸಲ ಈ ಲೆಕ್ಕ ನೋಡಿದಾಗ ನಾನು ಪೆನ್ನು ಹಿಡಿದು ಮೂರು ಸಲ ಕೂಡಿದೆ.

ಆಸ್ಪತ್ರೆಗಳನ್ನು ಹೋಲಿಸುವಾಗಲೂ ಹೀಗೇ. ವಯಸ್ಸು, ಜೊತೆಗಿರುವ ಕಾಯಿಲೆಗಳು, ಬಂದಾಗಿನ ಸ್ಥಿತಿ ಎಲ್ಲ ಹಿಡಿದು "ಇಂಥ ರೋಗಿಗಳಲ್ಲಿ ಇಷ್ಟು ಸಾವು ಆಗಬಹುದಿತ್ತು" ಅಂತ ಮೊದಲು ಅಂದಾಜು ಮಾಡಬೇಕು. ಆದದ್ದನ್ನು ಅದಕ್ಕೆ ಹೋಲಿಸಬೇಕು. ಇದನ್ನು ಮಾಡದೆ ಕೊಡುವ ಆಸ್ಪತ್ರೆಗಳ ರ‍್ಯಾಂಕ್ ಪಟ್ಟಿಯನ್ನು ನಾನಂತೂ ಓದುವುದೇ ಇಲ್ಲ.

ಅಂಕಿಅಂಶ ಬಹಿರಂಗ ಮಾಡಿದರೆ ಡಾಕ್ಟರು ಕಷ್ಟದ ಕೇಸನ್ನೇ ಬಿಟ್ಟುಬಿಡಬಹುದಲ್ಲ?

ಆ ಭಯ ಸುಳ್ಳಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯ ಬೈಪಾಸ್ ಸರ್ಜರಿಯ ಸಾವುಗಳನ್ನು ಸರ್ಜನ್‌ಗಳ ಹೆಸರಿನ ಸಮೇತ ಪ್ರಕಟಿಸಲು ಶುರು ಮಾಡಿದ ಮೇಲೆ ಸಾವು ಇಳಿಯಿತು. ತೀರಾ ಗಂಭೀರ ರೋಗಿಗಳನ್ನು ದೂರ ಇಡುತ್ತಿದ್ದಾರೆ ಎಂಬ ದೂರೂ ಬಂತು. ಎಷ್ಟು ಪಾಲು ನಿಜವಾದ ಸುಧಾರಣೆ, ಎಷ್ಟು ಪಾಲು ಕೇಸು ಆರಿಸಿಕೊಂಡದ್ದು ಅಂತ ವರ್ಷಗಟ್ಟಲೆ ವಾದ ನಡೆಯಿತು. ಹೆಸರಿಲ್ಲದೆ ಡಾಕ್ಟರುಗಳ ಕೈಗೇ ಅವರವರ ಲೆಕ್ಕ ಕೊಡುವುದು ಇನ್ನೊಂದು ದಾರಿ. ಸ್ವೀಡನ್ 1975ರಲ್ಲಿ ಕೃತಕ ಮಂಡಿಯದ್ದು, 1979ರಲ್ಲಿ ಕೃತಕ ಸೊಂಟದ ಕೀಲಿನದು ಅಂತ ದೇಶಕ್ಕೆಲ್ಲ ಒಂದೊಂದು ದಾಖಲೆ ತೆರೆಯಿತು. ಯಾವ ಕಂಪನಿಯ ಕೀಲು, ಯಾವ ವಿಧಾನ ಎಷ್ಟು ವರ್ಷ ಬಾಳಿತು ಅನ್ನುವುದು ಅಲ್ಲಿನ ಸರ್ಜನ್‌ಗಳಿಗೆ ಗೊತ್ತಾಗತೊಡಗಿತು.

ಕ್ವಾಲಿ ಅಂತ ಕೇಳಿದ್ದೇನೆ. ಏನದು?

ಬದುಕಿದ ವರ್ಷಕ್ಕೆ ಆ ವರ್ಷದ ಗುಣಮಟ್ಟವನ್ನು ಗುಣಿಸಿದರೆ ಬರುವ ಅಂಕಿ. ಪೂರ್ಣ ಆರೋಗ್ಯದ ಒಂದು ವರ್ಷ 1, ಸಾವು 0. ಸೊಂಟದ ನೋವಿನಿಂದ ಒಬ್ಬರ ಬದುಕು 0.5ರಲ್ಲಿದೆ ಅಂತಿಟ್ಟುಕೊಳ್ಳಿ. ಆಪರೇಷನ್ ಆದ ಮೇಲೆ 0.8ಕ್ಕೆ ಏರಿ ಹತ್ತು ವರ್ಷ ಹಾಗೇ ಇದ್ದರೆ 3 ಕ್ವಾಲಿ ಲಾಭ. ಆಯಸ್ಸು ಒಂದು ದಿನವೂ ಹೆಚ್ಚದೆ ಬಂದ ಲಾಭ ಇದು. ಯಾವ ಚಿಕಿತ್ಸೆಗೆ ಸರ್ಕಾರದ ದುಡ್ಡು ಹಾಕಬೇಕು ಅಂತ ತೂಗುವಾಗ ಬ್ರಿಟನ್ ಇದನ್ನು ಬಳಸುತ್ತದೆ.

ವಿರೋಧವೂ ಜೋರಾಗಿದೆ. ಅಂಗವೈಕಲ್ಯ ಇರುವವರ ಒಂದು ವರ್ಷಕ್ಕೆ ಕಡಿಮೆ ಬೆಲೆ ಕಟ್ಟಿದ ಹಾಗಾಗುತ್ತದೆ, ಉಳಿದ ಆಯಸ್ಸು ಕಡಿಮೆ ಇರುವ ಹಿರಿಯರು ಹಿಂದೆ ಬೀಳುತ್ತಾರೆ ಅನ್ನುವುದು ಮುಖ್ಯ ಆಕ್ಷೇಪ. ಅಮೆರಿಕ 2010ರ ಆರೋಗ್ಯ ಕಾಯ್ದೆಯಲ್ಲಿ ಈ ಬಳಕೆಗೆ ಕಡಿವಾಣ ಹಾಕಿತು. ಆಕ್ಷೇಪ ಸರಿಯೇ. ಆದರೆ ಲೆಕ್ಕವೇ ಇಲ್ಲದೆ ಹಂಚಿದರೆ ಗಟ್ಟಿ ದನಿ ಇರುವವರಿಗೆ ಜಾಸ್ತಿ ಸಿಗುತ್ತದೆ.

ಡಿಸ್ಚಾರ್ಜ್ ದಿನ ಕೊಡುವ ಫೀಡ್‌ಬ್ಯಾಕ್ ಫಾರಂ ಇದೇನಾ?

ಅಲ್ಲ. ಊಟ ಹೇಗಿತ್ತು, ನರ್ಸ್ ಚೆನ್ನಾಗಿ ಮಾತಾಡಿದರಾ ಅಂತ ಕೇಳುವುದು ಅನುಭವ. ಅದೂ ಬೇಕು. ಎಲ್ಲರೂ ನಗುನಗುತ್ತಾ ಮಾತಾಡಿಸಿ ಮಂಡಿ ನೋವು ಹಾಗೇ ಉಳಿಯುವುದೂ ಇದೆ. ಮಂಡಿ ಬದಲಿಸುವ ಆಪರೇಷನ್ ಮಾಡಿಸಿಕೊಂಡವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಪೂರ್ತಿ ಸಮಾಧಾನ ಇರುವುದಿಲ್ಲ ಅಂತ ಹಲವು ಅಧ್ಯಯನಗಳು ಹೇಳಿವೆ. ಡಿಸ್ಚಾರ್ಜ್ ದಿನ ಕೇಳಿದರೆ ಇದು ಹೊರಬರುವುದಿಲ್ಲ, ವರ್ಷ ಬಿಟ್ಟು ಕೇಳಬೇಕು.

ಇದನ್ನೆಲ್ಲ ತುಂಬಿದರೆ ನನಗೇನು ಸಿಗುತ್ತದೆ?

ತುಂಬಾ ದಿನ ನನ್ನ ಹತ್ತಿರ ಇದಕ್ಕೆ ಒಳ್ಳೆಯ ಉತ್ತರ ಇರಲಿಲ್ಲ. "ಮುಂದಿನವರಿಗೆ ಉಪಕಾರ ಆಗುತ್ತದೆ" ಅನ್ನುತ್ತಿದ್ದೆ. 2017ರಲ್ಲಿ ನ್ಯೂಯಾರ್ಕಿನ ಒಂದು ಕ್ಯಾನ್ಸರ್ ಅಧ್ಯಯನದ ಫಲಿತಾಂಶ ಬಂತು. ಕೀಮೋ ತೆಗೆದುಕೊಳ್ಳುತ್ತಿದ್ದ 766 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದ್ದರು. ಒಂದು ಗುಂಪಿನವರು ವಾಂತಿ, ನೋವು, ಉಸಿರಾಟದ ಕಷ್ಟದಂಥ 12 ತೊಂದರೆಗಳನ್ನು ಕಂಪ್ಯೂಟರಿನಲ್ಲಿ ತಾವೇ ಆಗಾಗ ದಾಖಲಿಸಬೇಕು. ಜೋರಾದರೆ ನರ್ಸಿಗೆ ಸಂದೇಶ ಹೋಗುತ್ತಿತ್ತು. ಇನ್ನೊಂದು ಗುಂಪಿಗೆ ಎಂದಿನ ಚಿಕಿತ್ಸೆ. ದಾಖಲಿಸಿದವರ ಗುಂಪಿನಲ್ಲಿ ಅರ್ಧದಷ್ಟು ಜನ 31.2 ತಿಂಗಳು ದಾಟಿ ಬದುಕಿದರು, ಇನ್ನೊಂದರಲ್ಲಿ 26 ತಿಂಗಳು. ಹೊಸ ಔಷಧಿ ಏನೂ ಕೊಟ್ಟಿರಲಿಲ್ಲ. ಕೇಳಿದರು, ಬಂದ ಉತ್ತರವನ್ನು ಯಾರೋ ಒಬ್ಬರು ಕೂಡಲೇ ನೋಡಿದರು.

"ಕೂಡಲೇ ನೋಡಿದರು" ಅನ್ನುವುದೇ ಇಲ್ಲಿ ಮುಖ್ಯ. ಫಾರಂ ಬೀರುವಿಗೆ ಹೋಗುವುದಾದರೆ ನಿಮಗೆ ಏನೂ ಸಿಗುವುದಿಲ್ಲ. ಕೊಡುವಾಗ ಕೇಳಿ: "ಇದನ್ನು ಯಾರು ಓದುತ್ತಾರೆ, ಯಾವಾಗ ಓದುತ್ತಾರೆ?"

ಆರು ತಿಂಗಳ ಮೇಲೆ ಫೋನ್ ಮಾಡಿದಾಗ ನಾನು ಎತ್ತದಿದ್ದರೆ?

ಬೈಯುವುದಿಲ್ಲ, ಆದರೆ ಕಷ್ಟವಾಗುತ್ತದೆ. ತುಂಬಾ ಚೆನ್ನಾಗಿರುವವರು ಎತ್ತುವುದಿಲ್ಲ, ಬಿಡುವಿಲ್ಲ. ತೀರಾ ಹದಗೆಟ್ಟವರೂ ಎತ್ತುವುದಿಲ್ಲ. ಕೆಲವು ನಂಬರಿನಲ್ಲಿ ಮನೆಯವರು ಎತ್ತಿ "ಅವರು ಹೋಗಿ ಎರಡು ತಿಂಗಳಾಯ್ತು" ಅನ್ನುತ್ತಾರೆ. ಆಗ ಮುಂದಿನ ಪ್ರಶ್ನೆ ಇರುವುದಿಲ್ಲ. ಉತ್ತರ ಕೊಟ್ಟವರ ಲೆಕ್ಕ ಮಾತ್ರ ಹಿಡಿದರೆ ಚಿಕಿತ್ಸೆ ಇರುವುದಕ್ಕಿಂತ ಚೆನ್ನಾಗಿ ಕಾಣಬಹುದು. ಅದಕ್ಕೇ ಎಷ್ಟು ಜನ ಉತ್ತರಿಸಲಿಲ್ಲ, ಅವರು ಮೊದಲು ಹೇಗಿದ್ದರು ಅಂತ ಬರೆಯದ ವರದಿಯನ್ನು ನಂಬಬಾರದು.

ತುಂಬುವಾಗ ಏನು ಗಮನದಲ್ಲಿ ಇಟ್ಟುಕೊಳ್ಳಬೇಕು?

ಡಾಕ್ಟರಿಗೆ ಬೇಜಾರಾಗುತ್ತದೆ ಅಂತ ಚೆನ್ನಾಗಿದೆ ಎಂದು ಬರೆಯಬೇಡಿ. ಮಗನಿಗೆ, ಸೊಸೆಗೆ ತುಂಬಲು ಕೊಡಬೇಡಿ. ಓದಲು ಕಷ್ಟವಾದರೆ ಅವರು ಓದಿ ಹೇಳಲಿ, ಉತ್ತರ ನಿಮ್ಮದಿರಲಿ. "ಇವತ್ತು" ಅಂದಿದ್ದರೆ ಇವತ್ತಿನದು, "ನಾಲ್ಕು ವಾರ" ಅಂದಿದ್ದರೆ ನಾಲ್ಕು ವಾರದ್ದು. ಅರ್ಥವಾಗದ ಪ್ರಶ್ನೆಗೆ ಸುಮ್ನೆ ಟಿಕ್ ಹಾಕುವ ಬದಲು ಖಾಲಿ ಬಿಡಿ. ಮತ್ತೆ, ಹಾಳೆ ತಿರುಗಿಸಿ ನೋಡಿ. ಹಿಂದೆಯೂ ಪ್ರಶ್ನೆ ಇರುತ್ತವೆ, ತುಂಬಾ ಜನ ತಿರುಗಿಸುವುದೇ ಇಲ್ಲ.